ಘಾಟಿ ಹತ್ತಲು ಆಂಪಿಯರ್ ಕೇಳಿ

ಸಂಪಾದಕರೆ,

ಮಲೆನಾಡಿನಲ್ಲಿ ಎಲೆಕ್ಟ್ರಿಕ್ ಗಾಡಿ ಕೊಳ್ಳಲು ಹೋದವರು ಮೊದಲು ಕೇಳುವುದು ‘ಎಷ್ಟು ವೋಲ್ಟ್?’ ಎಂದು. ಚಡಾವಿನಲ್ಲಿ ದಮ್ಮು ಸಾಲದ ಹಳೆಯ 48 ವೋಲ್ಟ್ ಗಾಡಿಗೆ 60 ವೋಲ್ಟ್ ಬ್ಯಾಟರಿ ಕೂರಿಸುವವರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಮೋಟಾರಿನ ವೇಗ ವೋಲ್ಟೇಜಿನಿಂದ, ಎಳೆತ ಅಂದರೆ ಟಾರ್ಕ್ ಕರೆಂಟಿನಿಂದ; ಕರೆಂಟಿನ ಅಳತೆಯೇ ಆಂಪಿಯರ್. 48ರ ಜಾಗಕ್ಕೆ 60 ಬಂದರೆ, ಸ್ಟ್ಯಾಂಡ್ ಹಾಕಿ ಎತ್ತಿದ ಚಕ್ರ ಕಾಲು ಭಾಗ ಜೋರಾಗಿ ತಿರುಗುತ್ತದೆ, ನಿಜ. ಆದರೆ ಮೋಟಾರಿನ ಕಾಯಿಲ್‌ಗೆ (ತಂತಿಯ ಸುತ್ತಿಗೆ) ಬಿಡುವ ಕರೆಂಟಿನ ಮಿತಿ ಕಂಟ್ರೋಲರ್‌ನಲ್ಲಿ, ಅಂದರೆ ಮೋಟಾರಿಗೆ ಕರೆಂಟ್ ಅಳೆದು ಕೊಡುವ ಪೆಟ್ಟಿಗೆಯಲ್ಲಿ, ಹಾಗೇ ಇದ್ದರೆ, ಆಗುಂಬೆಯ ಹೇರ್‌ಪಿನ್ ತಿರುವಿನಲ್ಲಿ ನಿಧಾನಿಸಿ ಮತ್ತೆ ಹೊರಡುವಾಗಿನ ಎಳೆತ ಕಿಂಚಿತ್ತೂ ಹೆಚ್ಚುವುದಿಲ್ಲ.

ಗಾಡಿ, ಸವಾರ ಸೇರಿ 170 ಕೆ.ಜಿ. ಇದ್ದು, ನೂರು ಮೀಟರಿಗೆ ಎಂಟು ಮೀಟರ್ ಏರುವ ಚಡಾವನ್ನು ಗಂಟೆಗೆ 20 ಕಿ.ಮೀ.ನಲ್ಲಿ ಹತ್ತಲು ಚಕ್ರಕ್ಕೆ ಸುಮಾರು 900 ವ್ಯಾಟ್ ಬೇಕು. ನಷ್ಟ ಸೇರಿಸಿದರೆ ಬ್ಯಾಟರಿಯಿಂದ 1,200. ಇದಕ್ಕೆ 48 ವೋಲ್ಟಿನಲ್ಲಿ 25 ಆಂಪಿಯರ್ ಹರಿಯಬೇಕು, 72ರಲ್ಲಿ 17 ಸಾಕು. ವೈರು, ಕನೆಕ್ಟರ್ ಬಿಸಿಯಾಗುವುದು ಕರೆಂಟಿನ ವರ್ಗಕ್ಕೆ (ಕರೆಂಟ್ × ಕರೆಂಟ್) ತಕ್ಕಂತೆ, ಹಾಗಾಗಿ ಅಲ್ಲಿನ ನಷ್ಟ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಆ ವೋಲ್ಟೇಜಿಗೆಂದೇ ಕಾಯಿಲ್ ಸುತ್ತಿದ ಮೋಟಾರ್ ಇದ್ದರೆ 72 ಒಳ್ಳೆಯದೇ. ನೋಂದಣಿ ಬೇಡದ 250 ವ್ಯಾಟ್ ಗಾಡಿ ಇದೇ ಚಡಾವಿನಲ್ಲಿ ತನ್ನ ರೇಟಿಂಗಿನೊಳಗೇ ಇದ್ದರೆ ಗಂಟೆಗೆ ಐದಾರು ಕಿ.ಮೀ. ಹೋದೀತು, ಅಷ್ಟೇ. ಬಲವಂತ ಮಾಡಿದರೆ ಕಾಯಿಲ್, ಮೋಟಾರ್ ತಿರುಗುವ ಸ್ಥಾನ ಗುರುತಿಸುವ ಹಾಲ್ ಸೆನ್ಸರ್ ಸುಡಬಹುದು.

ಬ್ಯಾಟರಿ ಬದಲಿಸಿದಾಗ ಆಗುವ ಅನಾಹುತ ಕಣ್ಣಿಗೆ ಕಾಣುವಂಥದ್ದು. ಅನೇಕ 48 ವೋಲ್ಟ್ ಕಂಟ್ರೋಲರ್‌ಗಳ ಮುಚ್ಚಳ ತೆಗೆದರೆ ಕೆಪಾಸಿಟರ್ ಮೈಮೇಲೆ 63 ವೋಲ್ಟ್ ಎಂದು ಅಚ್ಚಾಗಿರುತ್ತದೆ. 16 ಲಿಥಿಯಂ ಸೆಲ್ ಸಾಲಿನ ‘60 ವೋಲ್ಟ್’ ಬ್ಯಾಟರಿ ಫುಲ್ ಚಾರ್ಜಿನಲ್ಲಿ, ಸೆಲ್‌ಗೆ 4.2ರಂತೆ, 67.2 ವೋಲ್ಟ್, 17 ಸೆಲ್ಲಿನದು 71.4. ಮೊದಲು ಕೆಪಾಸಿಟರ್ ತಲೆ ಉಬ್ಬುತ್ತದೆ, ಆಮೇಲೆ ಒಡೆಯುತ್ತದೆ. ಲೈಟಿಗೆ 12 ವೋಲ್ಟ್ ಕೊಡುವ ಕನ್ವರ್ಟರ್ ಕೂಡ ಹೋಗಬಹುದು. ರಾತ್ರಿ ಘಾಟಿಯಲ್ಲಿ ಹೆಡ್‌ಲೈಟ್ ಆರಿದರೆ ಗತಿಯೇನು? ಹಳೇ ಕಂಟ್ರೋಲರ್ 42 ವೋಲ್ಟಿನವರೆಗೂ ಕರೆಂಟ್ ಹೀರುವುದರಿಂದ 16 ಸೆಲ್‌ಗಳು ತಲಾ 2.6 ವೋಲ್ಟಿಗೆ ಇಳಿಯುತ್ತವೆ. ಸೆಲ್‌ಗಳನ್ನು ಕಾಯುವ ಬಿಎಂಎಸ್ ಸರ್ಕ್ಯೂಟ್ ಸರಿಯಿಲ್ಲದಿದ್ದರೆ ಸೆಲ್‌ಗಳ ಆಯಸ್ಸು ಕುಗ್ಗುತ್ತದೆ.

ಗಾಡಿ ದಮ್ಮು ಕಳೆದುಕೊಂಡಿದ್ದರೆ ಮೊದಲು ಮಲ್ಟಿಮೀಟರ್ ಹಿಡಿಯಿರಿ. ಚಡಾವಿನಲ್ಲಿ ಥ್ರಾಟಲ್ ತಿರುವಿದಾಗ ಕಂಟ್ರೋಲರ್‌ಗೆ ಬರುವ ವೋಲ್ಟೇಜ್ ನಾಲ್ಕೈದು ವೋಲ್ಟಿಗಿಂತ ಹೆಚ್ಚು ಕುಸಿದರೆ ಸೆಲ್ ಸವೆದಿದೆ, ಇಲ್ಲವೇ ಮಳೆಗಾಲದ ತೇವಕ್ಕೆ ಕನೆಕ್ಟರ್ ಹಸಿರುಗಟ್ಟಿದೆ. ಕನೆಕ್ಟರ್ ಆದರೆ ಅಗ್ಗದ ರಿಪೇರಿ.

ಮಾರಾಟಗಾರರು ವೋಲ್ಟಿನ ಪಕ್ಕದಲ್ಲೇ ಕಂಟ್ರೋಲರ್ ಆಂಪಿಯರ್, ಮೋಟಾರ್ ನಿರಂತರ ಕೊಡಬಲ್ಲ ವ್ಯಾಟ್ ಮತ್ತು ಇಬ್ಬರನ್ನು ಹೊತ್ತು ಏರಬಲ್ಲ ಚಡಾವಿನ ಡಿಗ್ರಿಯನ್ನು ಬರೆದು ಹಾಕಲಿ. ಕೊಳ್ಳುವವರು ಫುಲ್ ಚಾರ್ಜಿನ ಗಾಡಿಯನ್ನು ಶಿವಮೊಗ್ಗದ ಸಮತಟ್ಟು ರಸ್ತೆಯಲ್ಲಿ ಓಡಿಸಿ ಒಪ್ಪಬೇಡಿ. ಚಾರ್ಜ್ ಶೇಕಡಾ 30ಕ್ಕೆ ಇಳಿದಾಗ, ಹಿಂದೆ ಒಬ್ಬರನ್ನು ಕೂರಿಸಿಕೊಂಡು, ಚಡಾವಿನ ನಡುವೆ ನಿಲ್ಲಿಸಿ ಮತ್ತೆ ಹೊರಡಿಸಿ ನೋಡಿ.

– ಎಲೆಕ್ಟ್ರಿಕ್ ಗಾಡಿ ರಿಪೇರಿಯವರು, ತೀರ್ಥಹಳ್ಳಿ