ಅಣ್ಣನಿಗೊಂದು ಪತ್ರ: ನನ್ನ ರೆಪ್ಪೆ, ನಿನ್ನ ಹಳದಿ ಕಲೆ

ಕೋಪನ್‌ಹೇಗನ್

ಪ್ರೀತಿಯ ಅಣ್ಣನಿಗೆ ನಮಸ್ಕಾರ.

ಇತ್ತ ಎಲ್ಲರೂ ಕ್ಷೇಮ. ಫೋನಿನಲ್ಲಿ ನಿನ್ನ ರೆಪ್ಪೆಯ ಹಳದಿ ಕಲೆಯ ಮಾತು ತೆಗೆದರೆ ನೀನು ಅಡಿಕೆ ರೇಟಿಗೆ ಹೊರಳಿಬಿಡುತ್ತೀಯ. ಅದಕ್ಕೇ ಪತ್ರ.

ನನ್ನ ಉಬ್ಬಿದ ರೆಪ್ಪೆಯ ಆಪರೇಷನ್ ಮುಗಿಯಿತು, ಹೊಲಿಗೆಯನ್ನೂ ಬಿಚ್ಚಿದರು. ರೆಪ್ಪೆಗೆ ಮಾತ್ರ ಮರಗಟ್ಟುವ ಇಂಜೆಕ್ಷನ್ ಕೊಟ್ಟಿದ್ದರಿಂದ ಡಾಕ್ಟರಮ್ಮ ಹೇಳಿದ್ದೆಲ್ಲ ಕೇಳುತ್ತಿತ್ತು. ಮೇಲಿನ ರೆಪ್ಪೆಯೊಳಗೆ ಸಾಮಾನ್ಯವಾಗಿ ಎರಡು ಕಡೆ ಕೊಬ್ಬು ಇರುತ್ತದಂತೆ. ಮೂಗಿನ ಕಡೆಯದು ಬಿಳಿಚು, ನಡುವಿನದು ಹಳದಿ. ಕಿವಿಯ ಕಡೆ ಇರುವುದು ಕಣ್ಣೀರಿನ ಗ್ರಂಥಿ. ನನಗೆ ಅಲ್ಲೂ ಒಂದು ಮುದ್ದೆ ಸಿಕ್ಕಿತು! ಅವರು ತಕ್ಷಣ ಕತ್ತರಿ ಹಾಕಲಿಲ್ಲ. ಕೆಲವರಲ್ಲಿ ಗ್ರಂಥಿಯೇ ಕೆಳಗೆ ಜಾರಿರುತ್ತದೆ. ಕೊಬ್ಬೆಂದು ಅದನ್ನು ತೆಗೆದರೆ ಕಣ್ಣು ಒಣಗಬಹುದು. ಗ್ರಂಥಿಯಾದರೆ ಬೂದು ಗುಲಾಬಿ ಬಣ್ಣ, ಮುಟ್ಟಿದರೆ ಗಟ್ಟಿ. ಇದು ಹಳದಿ, ಮೆತ್ತಗೆ. ಖಾತ್ರಿಯಾದ ಮೇಲೇ ಒಂಚೂರು ತೆಗೆದು ಲ್ಯಾಬಿಗೆ ಕಳಿಸಿದರು. ಬರೀ ಕೊಬ್ಬು ಅಂತ ರಿಪೋರ್ಟ್ ಬಂತು.

"ತುಪ್ಪ ಜಾಸ್ತಿ ಆಯ್ತು" ಅಂದರಂತೆ ಅತ್ತಿಗೆ. ಅವರಿಗೆ ಹೇಳು, ಇದು ಕಣ್ಣುಗುಡ್ಡೆಗೆ ಆಸರೆಯಾಗಿ ಮೊದಲಿನಿಂದಲೂ ಇರುವ ಕೊಬ್ಬು. ವಯಸ್ಸಾದ ಹಾಗೆ ತಡೆದಿಟ್ಟ ಪರದೆ ಸಡಿಲವಾಗಿ ಮುಂದೆ ಬರುತ್ತದೆ. ತೆಳ್ಳೇವಿನ ಮೇಲೆ ಹಾಕಿಕೊಂಡ ತುಪ್ಪ ಅಲ್ಲಿ ಹೋಗಿ ಕೂರುವುದಿಲ್ಲ.

ನಿನ್ನ ಕಥೆ ಮಾತ್ರ ಬೇರೆ. ರೆಪ್ಪೆಯ ಮೇಲೆ, ಮೂಗಿನ ಪಕ್ಕ ಹಳದಿ ಕಲೆ ಎದ್ದಿದೆಯಲ್ಲ, ವಿಡಿಯೋ ಕಾಲ್‌ನಲ್ಲಿ ನೋಡಿದೆ. ಅದು ಚರ್ಮದಲ್ಲೇ ಕೊಲೆಸ್ಟ್ರಾಲ್ ಸೇರಿಕೊಂಡು ಆಗುವುದು. ಕ್ಸಾಂಥೆಲಾಸ್ಮಾ ಅಂತಾರೆ. ಅದಿದ್ದವರಲ್ಲಿ ಸುಮಾರು ಅರ್ಧ ಜನರ ರಕ್ತದಲ್ಲಿ ಕೊಲೆಸ್ಟ್ರಾಲ್ ಸರಿಯಾಗೇ ಇರುತ್ತದೆ, ನಿಜ. ಆದರೆ ಇಲ್ಲಿ ಕೋಪನ್‌ಹೇಗನ್‌ನಲ್ಲೇ ಸಂಶೋಧಕರು 12,000ಕ್ಕೂ ಹೆಚ್ಚು ಜನರನ್ನು 1970ರ ದಶಕದಿಂದ ಗಮನಿಸುತ್ತ ಬಂದಿದ್ದರು. ಕೊಲೆಸ್ಟ್ರಾಲ್ ಎಷ್ಟಿದೆ ಅನ್ನುವುದನ್ನು ಲೆಕ್ಕಕ್ಕೆ ಹಿಡಿದ ಮೇಲೂ, ಈ ಕಲೆ ಇದ್ದವರಿಗೆ ಹಾರ್ಟ್ ಅಟ್ಯಾಕ್ ಜಾಸ್ತಿ ಅಂತ 2011ರಲ್ಲಿ ಪ್ರಕಟಿಸಿದರು. ಅಪ್ಪಯ್ಯನಿಗೆ ಎದೆನೋವು ಬಂದಾಗ ಎಷ್ಟು ವಯಸ್ಸಾಗಿತ್ತು ಅಂತ ನಿನಗೇ ಗೊತ್ತು.

ಕೊನೆಕೊಯ್ಲು ಮುಗಿಯಲಿ ಅನ್ನಬೇಡ. ಈ ವಾರವೇ ಶಿರಸಿ ಪೇಟೆಗೆ ಹೋಗಿ ಖಾಲಿ ಹೊಟ್ಟೆಯಲ್ಲಿ ಲಿಪಿಡ್ ಪ್ರೊಫೈಲ್ (ರಕ್ತದ ಕೊಬ್ಬಿನ ಪರೀಕ್ಷೆ), ಶುಗರ್ ಎರಡೂ ಮಾಡಿಸು. ಬಿಪಿಯನ್ನೂ ನೋಡಿಸು. ಯಾರೋ ಹೇಳಿದರೆಂದು ಕಲೆಗೆ ಸುಣ್ಣ, ಬೆಳ್ಳುಳ್ಳಿ ಹಚ್ಚಬೇಡ ಮಾರಾಯ, ಕಣ್ಣಿನ ಪಕ್ಕ ಅದು. ತೆಗೆಸುವುದು ಚಂದಕ್ಕೆ ಅಷ್ಟೇ, ತೆಗೆಸಿದರೂ ಮತ್ತೆ ಬರಬಹುದು. ಅದು ಆಮೇಲೆ ನೋಡೋಣ.

ರಿಪೋರ್ಟ್ ಬಂದ ಕೂಡಲೇ ಫೋಟೋ ತೆಗೆದು ಕಳಿಸು. ಆಯಿಗೆ ಮಾತ್ರ ಕೊಬ್ಬು, ಲ್ಯಾಬು ಅಂತೆಲ್ಲ ಹೇಳಬೇಡ. ಸುಮ್ನೆ ಚೆನ್ನಾಗಿ ಆಯ್ತು ಅಂದರೆ ಸಾಕು.

ಇಂತಿ,
ನಿನ್ನ ತಂಗಿ