ಮಿಂಚನನ್ನು ಒಪ್ಪಿಸುವ ಮುಂಚೆ

ಪುಟ್ಟಿ,

ನಿನ್ನೆ ಫೋನಿನಲ್ಲಿ ದನಿ ಏರಿಸಿದ್ದು ತಪ್ಪಾಯಿತು. ನೀನು ಪುಣೆಗೆ ಹೊರಡಲೇಬೇಕು, ಇಲ್ಲಿ ಕುವೆಂಪುನಗರದಲ್ಲಿ ನಮ್ಮ ನಾಯಿ ಮಿಂಚನ ಓಟಕ್ಕೆ ಸಮನಾಗಿ ಹೆಜ್ಜೆ ಹಾಕುವವರು ಯಾರೂ ಉಳಿಯುವುದಿಲ್ಲ. ಅಷ್ಟನ್ನು ಒಪ್ಪಿದ್ದೇನೆ. ಅವನನ್ನು ಪಾಂಡವಪುರದ ತೋಟದವರಿಗೆ ಕೊಡುವುದನ್ನು ಮಾತ್ರ ಈಗಲೂ ಒಪ್ಪಲಾರೆ.

ಆರು ಎಕರೆ ಇದೆ, ಆರಾಮಾಗಿ ಓಡಾಡಿಕೊಂಡಿರುತ್ತಾನೆ ಅಂತ ನೀನು ಅಂದೆ. ಇವನು ಅರ್ಧ ಮುಧೋಳ ಬೇಟೆನಾಯಿ, ಅರ್ಧ ಲ್ಯಾಬ್ರಡಾರ್. ಕಣ್ಣೆದುರು ಏನಾದರೂ ಓಡಿದರೆ ಅಟ್ಟಿಸಿಕೊಂಡು ಹೋಗುವುದು ರಕ್ತದಲ್ಲೇ ಇದೆ, ಗದರಿದರೆ ನಿಲ್ಲುವುದಿಲ್ಲ. ಮೊದಲ ಕೋಳಿ ಹಿಡಿದ ದಿನವೇ ಕುತ್ತಿಗೆಗೆ ಸರಪಳಿ ಬೀಳುತ್ತದೆ. ಆಮೇಲೆ ಪಂಪ್‌ಹೌಸಿನ ಪಕ್ಕ ನಾಲ್ಕಡಿ ಜಾಗವೇ ಅವನ ಆರು ಎಕರೆ. ಸುತ್ತ ಕಬ್ಬು. ಆಳೆತ್ತರದ ಕಬ್ಬಿನಲ್ಲಿ ಚಿರತೆ ಸೇರಿಕೊಳ್ಳುವುದು ಮಂಡ್ಯದವರಿಗೆ ಹೊಸ ಸುದ್ದಿಯಲ್ಲ, ಅದಕ್ಕೆ ಸುಲಭವಾಗಿ ಸಿಗುವುದು ನಾಯಿ. ಬಿಟ್ಟ ನಾಯಿ ಓಡಿಯಾದರೂ ಉಳಿದೀತು. ಕಟ್ಟಿದ್ದು ಎಲ್ಲಿಗೆ ಹೋಗಬೇಕು? ರಾತ್ರಿ ಶೆಡ್ಡಿನಲ್ಲಿ ಕೂಡಿಹಾಕುತ್ತಾರಂತೆ. ಆ ಶೆಡ್ಡಿಗೆ ಬಾಗಿಲಿದೆಯೇ ಎಂದು ಕೇಳಿದೆಯಾ?

ಕೊಡುವುದಾದರೆ ಸರಸ್ವತಿಪುರಂನ ಆ ದಂಪತಿಗೆ ಕೊಡು, ಅವರನ್ನೇ ಇನ್ನೊಮ್ಮೆ ಕರೆಸು. ಇಬ್ಬರೂ ಬೆಳಿಗ್ಗೆ ಓಡುವವರು. ಏನನ್ನೂ ಮುಚ್ಚಿಡಬೇಡ: ವಯಸ್ಸು 14 ತಿಂಗಳು, ತೂಕ 23 ಕೆಜಿ, ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ, ಬೆಕ್ಕು ಕಂಡರೆ ಬಿಡುವುದಿಲ್ಲ, ಐದಡಿ ಗೋಡೆ ಹಾರುತ್ತಾನೆ, ನಾಲ್ಕು ಗಂಟೆಗಿಂತ ಹೆಚ್ಚು ಒಂಟಿಯಾಗಿ ಬಿಟ್ಟರೆ ಬಾಗಿಲು ಕೆರೆಯುತ್ತಾನೆ. ಮಿಂಚನ ಜೊತೆ ಅವರ ಮೊದಲ ಭೇಟಿ ಹೊರಗೆ, ಒಟ್ಟಿಗೆ ನಡೆಯುತ್ತಾ ಆಗಲಿ. ಎರಡನೆಯದು ಅವರ ಮನೆಯಲ್ಲಿ. ಗೇಟಿನ ಕೆಳಗಿನ ಸಂದು, ಟೆರೇಸಿನ ಪ್ಯಾರಾಪೆಟ್ ನೋಡು. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಬರಹದಲ್ಲಿರಲಿ.

ಕಾಲರ್ ವಿಚಾರ ದಯವಿಟ್ಟು ಮರೆಯಬೇಡ. ಮುಧೋಳದ ತಲೆ ಕುತ್ತಿಗೆಗಿಂತ ಸಣ್ಣದು. ಹೆದರಿ ಹಿಂದಕ್ಕೆ ಜಗ್ಗಿದರೆ ಸಾಮಾನ್ಯ ಕಾಲರ್ ಕಿವಿ ದಾಟಿ ಕಳಚಿಬಿಡುತ್ತದೆ. ಜಗ್ಗಿದಾಗ ಬಿಗಿಯಾಗುವ ಮಾರ್ಟಿಂಗೇಲ್ ಕಾಲರ್ ಬೇಕು, ಜೊತೆಗೆ ಎದೆಗೆ ತೊಡಿಸುವ ಪಟ್ಟಿ, ಅಂದರೆ ಹಾರ್ನೆಸ್, ಎರಡಕ್ಕೂ ಹಿಡಿದುಕೊಳ್ಳಲು ಬೇರೆ ಬೇರೆ ಲೀಶ್. ಹೊಸ ಮನೆಯಿಂದ ತಪ್ಪಿಸಿಕೊಂಡ ನಾಯಿಗೆ ವಾಪಸ್ ದಾರಿ ಗೊತ್ತಿರುವುದಿಲ್ಲ. ಕಾಲರಿನ ಬಿಲ್ಲೆಯ ಮೇಲೆ ಅವರದ್ದೂ ನಮ್ಮದೂ ನಂಬರ್ ಇರಲಿ. ದೀಪಾವಳಿ ಹತ್ತಿರ ಬಂದರೆ ಪಟಾಕಿ ಮುಗಿಯುವ ತನಕ ಕೊಡಲೇಬೇಡ.

ಮೊದಲ ಮೂರು ದಿನ ಮೂಲೆಯಲ್ಲಿ ಮುದುಡಿ ಮಲಗುತ್ತಾನೆ, ಅವರು "ಎಷ್ಟು ಸಾಧು" ಅಂದುಕೊಳ್ಳುತ್ತಾರೆ. ಹೆದರಿಕೆ ಕಳೆದ ಮೇಲೆ, ಎರಡು ಮೂರು ವಾರಕ್ಕೆ, ನಿಜವಾದ ಮಿಂಚ ಹೊರಬರುತ್ತಾನೆ. ಜನ ನಾಯಿಯನ್ನು ವಾಪಸ್ ತರುವುದು ಆಗಲೇ. ಈಗಲೇ ಹೇಳಿಡು. ದಿನಕ್ಕೆ ಎರಡು ಗಂಟೆ ನಡಿಗೆ ಬೇಕು. ಆದರೆ ಬರೀ ಓಡಿಸಿದರೆ ಓಡುವ ಶಕ್ತಿ ಹೆಚ್ಚುತ್ತದೆಯೇ ಹೊರತು ಮನಸ್ಸು ತಣಿಯುವುದಿಲ್ಲ. ಊಟದ ಒಂದು ಪಾಲನ್ನು ಹುಲ್ಲಿನ ಮೇಲೆ ಚೆಲ್ಲಿ, ಹದಿನೈದು ನಿಮಿಷ ಮೂಸಿ ಹುಡುಕಲು ಬಿಡಲಿ. ಅದು ಅವನನ್ನು ಮಲಗಿಸುತ್ತದೆ.

ನಿನಗೆ ಪಾಠ ಮಾಡುತ್ತಿದ್ದೇನೆ, ಗೊತ್ತು. ಆರು ವಾರದ ಮರಿಯಿಂದ ಅವನನ್ನು ಬೆಳೆಸಿದವಳು ನೀನು, ಒಂದು ಲಸಿಕೆಯನ್ನೂ ತಪ್ಪಿಸಲಿಲ್ಲ. ಆ ಲಸಿಕೆ ಪುಸ್ತಕದ ಜೊತೆ ಉಣ್ಣಿ ಹುಳುವಿನ ಮಾತ್ರೆ ಕೊಟ್ಟ ತಾರೀಖನ್ನೂ ಬರೆದುಕೊಡು. ಹತ್ತು ದಿನಕ್ಕಾಗುವಷ್ಟು ಅವನ ಊಟ ಕಳಿಸು. ಹೊಸದನ್ನು ಒಂದು ವಾರದಲ್ಲಿ ಸ್ವಲ್ಪಸ್ವಲ್ಪವೇ ಬೆರೆಸಲಿ, ಒಮ್ಮೆಲೇ ಬದಲಿಸಿದರೆ ಭೇದಿ. ಹೊದಿಕೆಯನ್ನು ಒಗೆಯದೆ ಕಳಿಸು, ನಮ್ಮ ವಾಸನೆ ಇರಲಿ.

ಒಪ್ಪಂದದಲ್ಲಿ ಒಂದು ಸಾಲು ಖಂಡಿತ ಇರಬೇಕು: ಸರಿಹೋಗದಿದ್ದರೆ ಯಾವಾಗಲಾದರೂ ನಮ್ಮ ಮನೆಗೇ ವಾಪಸ್, ಮೂರನೆಯವರಿಗೆ ಅಲ್ಲ. ನನ್ನ ಮಂಡಿನೋವು ನಾನು ನೋಡಿಕೊಳ್ಳುತ್ತೇನೆ. ತೋಟದವರಿಗೆ ಇವತ್ತೇ ಬೇಡ ಅಂದುಬಿಡು. ಹೇಳಲು ಸಂಕೋಚವಾದರೆ ನಂಬರ್ ಕಳಿಸು, ನಾನೇ ಮಾತಾಡುತ್ತೇನೆ.

ಅಪ್ಪ