ಲಂಡನ್–ಪ್ಯಾರಿಸ್ ವಿಮಾನಕ್ಕೆ 2 ಗಂಟೆ 20 ನಿಮಿಷ ಬೇಕಿಲ್ಲ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಭಾನುವಾರದ ಪ್ರವಾಸ ಪುಟದಲ್ಲಿ ಪ್ರಕಟವಾದ ಲೇಖನವೊಂದರಲ್ಲಿ ಲಂಡನ್‌ನಿಂದ ಪ್ಯಾರಿಸ್‌ಗೆ ವಿಮಾನದಲ್ಲಿ 490 ಕಿ.ಮೀ. ದೂರವೆಂದೂ, ಪ್ರಯಾಣಕ್ಕೆ 2 ಗಂಟೆ 20 ನಿಮಿಷ ಹಿಡಿಯುತ್ತದೆಂದೂ, ಆದ್ದರಿಂದ ರೈಲೂ ವಿಮಾನವೂ ಸಮಸಮವೆಂದೂ ಬರೆಯಲಾಗಿದೆ. ಎರಡೂ ಅಂಕಿಗಳು ತಪ್ಪು.

ಸಮಯದ ತಪ್ಪು ಹೇಗಾಗಿರಬಹುದೆಂದು ಊಹಿಸಬಲ್ಲೆ, ಏಕೆಂದರೆ ನಮ್ಮ ಮನೆಯಲ್ಲೇ ಅದು ನಡೆದಿದೆ. ಹೋಗುವಾಗಿನ ಟಿಕೆಟ್ಟಿನಲ್ಲಿ ಲಂಡನ್‌ನ ಹೀಥ್ರೂ ವಿಮಾನ ನಿಲ್ದಾಣ ಬಿಡುವುದು 10.30, ಪ್ಯಾರಿಸ್ ಸೇರುವುದು 12.50 ಎಂದಿತ್ತು. ಬರುವಾಗಿನದರಲ್ಲಿ ಪ್ಯಾರಿಸ್ ಬಿಡುವುದು ಸಂಜೆ 4, ಲಂಡನ್ ಸೇರುವುದು 4.20. ‘ಹೋಗೋದಕ್ಕೆ ಅಷ್ಟೊತ್ತು, ಬರೋದಕ್ಕೆ ಇಪ್ಪತ್ತೇ ನಿಮಿಷವಾ?’ ಎಂದು ನನ್ನ ಹೆಂಡತಿ ಟಿಕೆಟ್ಟನ್ನು ತಿರುಗಿಸಿ ನೋಡಿದ್ದಳು. ಟಿಕೆಟ್ಟಿನಲ್ಲಿ ಅಚ್ಚಾಗುವುದು ಆಯಾ ಊರಿನ ಸಮಯ. ಪ್ಯಾರಿಸ್‌ನ ಗಡಿಯಾರ ಬೇಸಿಗೆಯಲ್ಲೂ ಚಳಿಗಾಲದಲ್ಲೂ ಲಂಡನ್‌ಗಿಂತ ಒಂದು ಗಂಟೆ ಮುಂದಿರುತ್ತದೆ. ದೇಶಕ್ಕೆಲ್ಲ ಒಂದೇ ಸಮಯವಿರುವ ನಮಗೆ ಮಂಗಳೂರು–ದೆಹಲಿ ಟಿಕೆಟ್ಟಿನಲ್ಲಿ ನೇರವಾಗಿ ಕಳೆದರೆ ಲೆಕ್ಕ ಸರಿಹೋಗುತ್ತದೆ, ಅಲ್ಲಿ ಸರಿಹೋಗದು. ಹೋಗಲಿಕ್ಕೂ ಬರಲಿಕ್ಕೂ ಹಿಡಿಯುವುದು ಸುಮಾರು 1 ಗಂಟೆ 20 ನಿಮಿಷವೇ.

ಆ ಎಂಬತ್ತು ನಿಮಿಷವೂ ಪೂರ್ತಿ ಹಾರಾಟವಲ್ಲ. ವಿಮಾನ ಗೇಟು ಬಿಟ್ಟಾಗಿನಿಂದ ಆಚೆಯ ಗೇಟಿಗೆ ನಿಲ್ಲುವವರೆಗಿನ ಅವಧಿ ಅದು. ಎರಡೇ ರನ್‌ವೇಗಳಿರುವ ಹೀಥ್ರೂವಿನಲ್ಲಿ ಸರದಿ ಕಾಯುವುದೂ, ಪ್ಯಾರಿಸ್‌ನ ವಿಶಾಲವಾದ ಚಾರ್ಲ್ಸ್ ಡಿ ಗಾಲ್ ನಿಲ್ದಾಣದಲ್ಲಿ ಇಳಿದ ಮೇಲೆ ನೆಲದ ಮೇಲೆ ಸಾಗುವುದೂ ಅದರಲ್ಲೇ ಸೇರಿವೆ. ಗಾಳಿಯಲ್ಲಿರುವುದು ಮುಕ್ಕಾಲು ಗಂಟೆಯ ಆಸುಪಾಸು. ನಮಗೆ ಕೊಟ್ಟ ಚಹಾ ಇನ್ನೂ ಬಿಸಿಯಿರುವಾಗಲೇ ಕಪ್ಪು ವಾಪಸು ಕೇಳಿದ್ದರು.

ಇನ್ನು ದೂರ. ಹೀಥ್ರೂವಿನಿಂದ ಚಾರ್ಲ್ಸ್ ಡಿ ಗಾಲ್‌ಗೆ ನೇರ ಅಂತರ ಸುಮಾರು 348 ಕಿ.ಮೀ. ಲೇಖನದ 490 ಕಿ.ಮೀ. ಬಹುಶಃ ರೈಲು ಹಳಿಯ ಉದ್ದ. ಅದು ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ಮೂಲಕ ಸಾಗಿ, 1994ರಲ್ಲಿ ತೆರೆದ ಐವತ್ತು ಕಿಲೋಮೀಟರಿನ ಕಡಲಡಿಯ ಸುರಂಗ ದಾಟಿ, ಲಿಲ್ ನಗರದ ಬಳಿ ತಿರುಗಿ ಪ್ಯಾರಿಸ್ ಸೇರುತ್ತದೆ. 348 ಕಿ.ಮೀ.ಯನ್ನು ಜೆಟ್ ವಿಮಾನದ ವೇಗದಿಂದ ಭಾಗಿಸಿ ಇಪ್ಪತ್ತೈದು ನಿಮಿಷವೆನ್ನುವವರೂ ಉಂಟು. ಇಷ್ಟು ಚಿಕ್ಕ ದಾರಿಯಲ್ಲಿ ಏರುವುದೂ ಇಳಿಯುವುದೂ ಮುಗಿಯುವಷ್ಟರಲ್ಲಿ ಪೂರ್ಣ ವೇಗಕ್ಕೆ ಉಳಿಯುವ ಹೊತ್ತು ತೀರಾ ಕಡಿಮೆ.

ತಮಾಷೆಯೆಂದರೆ, ಲೆಕ್ಕ ತಪ್ಪಿದರೂ ಲೇಖಕರು ರೈಲನ್ನು ಕಡೆಗಣಿಸದಿದ್ದುದು ಸರಿಯೇ. ಲಂಡನ್‌ನ ಸೇಂಟ್ ಪ್ಯಾಂಕ್ರಸ್ ರೈಲು ನಿಲ್ದಾಣದಿಂದ ಪ್ಯಾರಿಸ್‌ನ ಗಾರ್ ದ್ಯು ನಾರ್ ನಿಲ್ದಾಣಕ್ಕೆ ವೇಗದ ರೈಲು 2 ಗಂಟೆ 16 ನಿಮಿಷದಲ್ಲಿ, ಊರ ನಡುವಿನಿಂದ ಊರ ನಡುವಿಗೆ ತಲುಪಿಸುತ್ತದೆ. ಫ್ರಾನ್ಸಿನ ಪಾಸ್‌ಪೋರ್ಟ್ ತಪಾಸಣೆಯೂ ಲಂಡನ್‌ನಲ್ಲೇ ಮುಗಿದಿರುತ್ತದೆ. ವಿಮಾನದಲ್ಲಾದರೆ ಎರಡು ಕಡೆಯೂ ಇಪ್ಪತ್ತು–ಇಪ್ಪತ್ತೈದು ಕಿ.ಮೀ. ಹೊರಗಿನ ನಿಲ್ದಾಣಗಳು, ಭದ್ರತಾ ತಪಾಸಣೆ, ಸಾಮಾನಿಗಾಗಿ ಕಾಯುವಿಕೆ ಎಲ್ಲ ಸೇರಿ ನಮಗೆ ಮನೆಯಿಂದ ಹೋಟೆಲಿಗೆ ಐದು ಗಂಟೆ ಮೀರಿತ್ತು.

ದೂರ ಯಾವ ದಾರಿಯದು, ಸಮಯ ಯಾವ ಊರಿನದು ಎಂಬುದನ್ನು ಸೇರಿಸಿ ಮುಂದಿನ ಭಾನುವಾರ ಅದೇ ಪುಟದಲ್ಲಿ ಎರಡು ಸಾಲಿನ ತಿದ್ದುಪಡಿ ಪ್ರಕಟಿಸಿದರೆ, ಬೇಸಿಗೆ ರಜೆಗೆ ಟಿಕೆಟ್ ಕಾಯ್ದಿರಿಸುತ್ತಿರುವ ಓದುಗರಿಗೆ ಉಪಕಾರವಾಗುತ್ತದೆ.

ಇತಿ,
ತಮ್ಮ ಓದುಗ, ಮೈಸೂರು